ಷೆಂಗೆನ್ ವೀಸಾ: ಯಾವ ದೇಶಕ್ಕೆ ಅರ್ಜಿ, ಎಷ್ಟು ಎಂಟ್ರಿ, ಹೋಟೆಲೋ ಆತಿಥೇಯರ ಮನೆಯೋ

ಯುರೋಪಿಗೆ ಹೊರಟವರು ಮೊದಲು ಕೇಳುವುದು ‘ಯಾವ ದೇಶ ಸುಲಭವಾಗಿ ವೀಸಾ ಕೊಡುತ್ತದೆ?’ ಎಂದು. ಅರ್ಜಿ ಹಳಿ ತಪ್ಪಲು ಶುರುವಾಗುವುದು ಅಲ್ಲಿಂದಲೇ. ಯಾವ ದೇಶದ ಕಾನ್ಸುಲೇಟಿಗೆ ಅರ್ಜಿ ಹಾಕಬೇಕು ಎನ್ನುವುದನ್ನು ನಿಮ್ಮ ಪ್ರವಾಸದ ಯೋಜನೆಯೇ ತೀರ್ಮಾನಿಸುತ್ತದೆ, ನಿಯಮ ಅದನ್ನು ಅರ್ಜಿದಾರರ ಇಷ್ಟಕ್ಕೆ ಬಿಟ್ಟಿಲ್ಲ. ನಿಜವಾಗಿ ನಿಮ್ಮ ಕೈಯಲ್ಲಿರುವ ಆಯ್ಕೆಗಳು ಬೇರೆ. ಎಲ್ಲಿ ಎಷ್ಟು ರಾತ್ರಿ ತಂಗುತ್ತೀರಿ, ಒಂದೇ ಎಂಟ್ರಿ ಕೇಳುತ್ತೀರೋ ಹಲವನ್ನೋ, ಹೋಟೆಲ್ ಬುಕಿಂಗ್ ತೋರಿಸುತ್ತೀರೋ ನೆಂಟರ ಆಹ್ವಾನವನ್ನೋ, ಅರ್ಜಿ ನೀವೇ ತುಂಬುತ್ತೀರೋ ಏಜೆಂಟರಿಗೆ ಒಪ್ಪಿಸುತ್ತೀರೋ ಇವೆಲ್ಲ ನಿಮಗೆ ಬಿಟ್ಟಿದ್ದು. ಎಲ್ಲದಕ್ಕೂ ಒಂದೇ ಅಳತೆಗೋಲು ಸಾಕು: ಯಾವುದನ್ನು ದಾಖಲೆ ಇಟ್ಟು ತೋರಿಸಬಲ್ಲಿರೋ ಅದನ್ನೇ ಆರಿಸಿ.

ಮೊದಲು, ನಿಮಗೆ ಬೇಕಿರುವುದು ಷೆಂಗೆನ್ ವೀಸಾ ಹೌದೇ?

ಒಂದೇ ವೀಸಾದಲ್ಲಿ ಸುತ್ತಬಹುದಾದ ಷೆಂಗೆನ್ ವಲಯದಲ್ಲಿ ಈಗ 29 ದೇಶಗಳಿವೆ. ಐರೋಪ್ಯ ಒಕ್ಕೂಟದ 25 ದೇಶಗಳ ಜೊತೆಗೆ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟನ್‌ಸ್ಟೈನ್. ಕ್ರೊಯೇಷಿಯಾ 2023ರ ಜನವರಿಯಲ್ಲಿ ಸೇರಿತು. ರೊಮೇನಿಯಾ ಮತ್ತು ಬಲ್ಗೇರಿಯಾಗಳ ಭೂಗಡಿ ತಪಾಸಣೆ 2025ರ ಜನವರಿ 1ರಿಂದ ತೆರವಾಗಿ, ಅವೂ ಪೂರ್ತಿ ಒಳಗೆ ಬಂದವು. ಹಳೆಯ ಬರಹಗಳಲ್ಲಿ ಈ ಮೂರು ದೇಶಗಳಿಗೆ ಪ್ರತ್ಯೇಕ ವೀಸಾ ಬೇಕೆಂದು ಇನ್ನೂ ಇರುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ.

ಬ್ರಿಟನ್ನಿಗೆ ಅದರದೇ ವೀಸಾ ಬೇಕು. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನ ಹೊರಗಿದೆ. ಲಂಡನ್ ಮತ್ತು ಡಬ್ಲಿನ್ ಎರಡನ್ನೂ ನೋಡುವ ಭಾರತೀಯರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆಯಡಿ ಒಂದೇ ವೀಸಾ ಸಾಕಾಗಬಹುದು, ಆದರೆ ವೀಸಾದ ಮೇಲೆ ‘ಬಿಐವಿಎಸ್’ ಎಂಬ ನಮೂದು ಇರಲೇಬೇಕು. ಅದನ್ನು ಹಿಡಿದು ಪ್ಯಾರಿಸ್‌ಗೆ ಹೋಗಲಾಗದು.

ಷೆಂಗೆನ್‌ನಲ್ಲಿ ಪ್ರವಾಸಿಗರಿಗೆ, ನೆಂಟರನ್ನು ನೋಡಲು ಹೋಗುವವರಿಗೆ, ಸಭೆ ಸಮ್ಮೇಳನಕ್ಕೆ ಹೋಗುವವರಿಗೆ ಸಿಗುವುದು ‘ಸಿ’ ವರ್ಗದ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನ ಇದರ ಮಿತಿ. ಅದಕ್ಕಿಂತ ಹೆಚ್ಚು ಇರಬೇಕಾದರೆ ಆಯಾ ದೇಶದ ‘ಡಿ’ ವರ್ಗದ ವೀಸಾ ಬೇಕು. ಆ ಅರ್ಜಿ, ಶುಲ್ಕ, ದಾಖಲೆ ಎಲ್ಲವೂ ಬೇರೆ.

ಯಾವ ದೇಶ: ರಾತ್ರಿಗಳನ್ನು ಎಣಿಸಿ

ಒಂದೇ ದೇಶಕ್ಕೆ ಹೋಗುವವರಿಗೆ ಗೊಂದಲವಿಲ್ಲ. ಹಲವು ದೇಶ ಸುತ್ತುವವರು ಮುಖ್ಯ ಗಮ್ಯಸ್ಥಾನಕ್ಕೆ ಅರ್ಜಿ ಹಾಕಬೇಕು. ಎಲ್ಲಿ ಹೆಚ್ಚು ದಿನ ಇರುತ್ತೀರೋ ಅಥವಾ ಪ್ರವಾಸದ ಮುಖ್ಯ ಉದ್ದೇಶ ಎಲ್ಲಿದೆಯೋ ಅದೇ ಮುಖ್ಯ ಗಮ್ಯಸ್ಥಾನ. ಎರಡರಿಂದಲೂ ತೀರ್ಮಾನವಾಗದಿದ್ದರೆ ಮಾತ್ರ, ಮೊದಲು ಷೆಂಗೆನ್ ಗಡಿ ದಾಟುವ ದೇಶ.

ಪ್ಯಾರಿಸ್ 4 ರಾತ್ರಿ, ಇಂಟರ್‌ಲಾಕನ್ 3, ರೋಮ್ 3 ಎಂದರೆ ಅರ್ಜಿ ಫ್ರಾನ್ಸಿಗೆ, ನೀವು ಮೊದಲು ಇಳಿಯುವುದು ರೋಮ್‌ನಲ್ಲಾದರೂ ಸರಿ. ‘ಮೊದಲು ಇಳಿಯುವ ದೇಶಕ್ಕೇ ಅರ್ಜಿ’ ಎಂಬ ತಪ್ಪು ತಿಳಿವಳಿಕೆಗೆ ತುಂಬ ಜನ ಬಲಿಯಾಗುತ್ತಾರೆ. ಆ ನಿಯಮ ಬರುವುದು ದಿನಗಳು ಸಮವಾದಾಗ. ಆಮ್‌ಸ್ಟರ್‌ಡ್ಯಾಮ್ 4, ಬರ್ಲಿನ್ 4 ಎಂಬಂಥ ಸಮಬಲದ ಯೋಜನೆ ಇದ್ದರೆ ನಮ್ಮ ಸಲಹೆ ಒಂದೇ: ಒಂದು ರಾತ್ರಿಯನ್ನು ಆಚೀಚೆ ಮಾಡಿ 5-3 ಮಾಡಿಕೊಳ್ಳಿ. ಅರ್ಜಿ ಸ್ವೀಕರಿಸುವ ಕೌಂಟರ್‌ನಲ್ಲಿ ವಾದಕ್ಕೆ ಅವಕಾಶವೇ ಉಳಿಯುವುದಿಲ್ಲ.

ಉದ್ದೇಶದ ಲೆಕ್ಕ ಸ್ವಲ್ಪ ಸೂಕ್ಷ್ಮ. ಹ್ಯಾನೋವರ್‌ನಲ್ಲಿ ಮೂರು ದಿನದ ವ್ಯಾಪಾರ ಮೇಳಕ್ಕೆಂದು ಹೊರಟು, ಆಮೇಲೆ ನಾಲ್ಕು ದಿನ ಇಟಲಿ ಸುತ್ತುತ್ತೀರಿ ಎಂದುಕೊಳ್ಳಿ. ಪ್ರವಾಸಕ್ಕೆ ಕಾರಣವೇ ಮೇಳವಾದರೆ ಜರ್ಮನಿಗೆ ಅರ್ಜಿ ಹಾಕುವುದು ಸಮರ್ಥನೀಯ. ಆದರೆ ಅದನ್ನು ಕವರಿಂಗ್ ಲೆಟರ್‌ನ ಮೊದಲ ಸಾಲಿನಲ್ಲೇ ಹೇಳಿ, ಮೇಳದ ನೋಂದಣಿ ಪತ್ರ ಮತ್ತು ಕಂಪನಿಯ ಪತ್ರ ಲಗತ್ತಿಸಬೇಕು. ಹೇಳದೇ ಬಿಟ್ಟರೆ ಅಧಿಕಾರಿ ರಾತ್ರಿಗಳನ್ನೇ ಎಣಿಸುತ್ತಾರೆ.

ಅರ್ಜಿ ಸಲ್ಲಿಸುವ ಅಪಾಯಿಂಟ್‌ಮೆಂಟ್, ಅಂದರೆ ಸ್ಲಾಟ್, ಬೇಗ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ, ಹೋಗದ ದೇಶದಲ್ಲಿ ಹೋಟೆಲ್ ಬುಕ್ ಮಾಡಿ ಅರ್ಜಿ ಹಾಕುವುದುಂಟು. ಇದು ಅಪಾಯದ ದಾರಿ. ವೀಸಾ ಕೊಟ್ಟ ದೇಶ ಬೇರೆ, ಕೈಯಲ್ಲಿರುವ ಬುಕಿಂಗ್ ಬೇರೆ ಎಂದಾದರೆ ಗಡಿಯಲ್ಲಿ ಪ್ರಶ್ನೆ ಏಳುತ್ತದೆ. ವೀಸಾವನ್ನು ರದ್ದು ಮಾಡುವ ಅಧಿಕಾರವೂ ಗಡಿ ಅಧಿಕಾರಿಗಳಿಗಿದೆ. ಮುಂದಿನ ಅರ್ಜಿಯ ಹೊತ್ತಿಗೆ ಪಾಸ್‌ಪೋರ್ಟಿನ ಮುದ್ರೆಗಳು, ಗಡಿಯ ದಾಖಲೆಗಳು ಎಲ್ಲವನ್ನೂ ಹೇಳುತ್ತವೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ‘ಎಂಟ್ರಿ ಎಕ್ಸಿಟ್ ಸಿಸ್ಟಮ್’ನಲ್ಲಿ ನೀವು ಎಲ್ಲಿ ಒಳಬಂದಿರಿ, ಎಲ್ಲಿ ಹೊರಹೋದಿರಿ ಎಂಬುದು ಕಂಪ್ಯೂಟರಿನಲ್ಲೇ ದಾಖಲಾಗುತ್ತದೆ.

ದೇಶಗಳ ತಿರಸ್ಕಾರ ಪ್ರಮಾಣ ನೋಡಿ ಆರಿಸುವುದೂ ಹೆಚ್ಚು ಉಪಯೋಗಕ್ಕೆ ಬಾರದು. 2024ರಲ್ಲಿ ಜಗತ್ತಿನಾದ್ಯಂತ ಸುಮಾರು 1.17 ಕೋಟಿ ಅರ್ಜಿಗಳು ಬಂದವು, ತಿರಸ್ಕಾರ ಶೇ 14.8ರಷ್ಟಿತ್ತು. ಒಂದು ದೇಶದ ಅಂಕಿ ಹೆಚ್ಚಿದೆ ಎಂದರೆ ಅಲ್ಲಿಗೆ ಎಂಥ ಅರ್ಜಿಗಳು ಹೋಗುತ್ತವೆ ಎಂಬುದೂ ಅದರಲ್ಲಿ ಸೇರಿರುತ್ತದೆ. ಸಂಬಳದ ಚೀಟಿ, ರಜೆ ಪತ್ರ, ಆದಾಯ ತೆರಿಗೆ ರಿಟರ್ನ್ ಸರಿಯಾಗಿರುವ ನಿಮ್ಮ ಕಡತಕ್ಕೆ ಆ ಸರಾಸರಿ ಅನ್ವಯಿಸುವುದಿಲ್ಲ.

ಸಿಂಗಲ್, ಡಬಲ್, ಮಲ್ಟಿಪಲ್

ವಲಯದೊಳಗೆ ಒಮ್ಮೆ, ಎರಡು ಸಲ, ಹಲವು ಸಲ ಬರಲು ಬಿಡುವ ಈ ಮೂರು ಬಗೆಯ ವೀಸಾಕ್ಕೂ ಶುಲ್ಕ ಒಂದೇ. 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಆರು ತುಂಬದ ಮಕ್ಕಳಿಗೆ ಉಚಿತ. ಅರ್ಜಿ ಕೇಂದ್ರದ ಸೇವಾ ಶುಲ್ಕ ಇದರ ಮೇಲೆ ಬರುತ್ತದೆ, ಅದು ವೀಸಾ ಶುಲ್ಕದ ಅರ್ಧವನ್ನು ಮೀರಬಾರದೆಂಬ ನಿಯಮವಿದೆ. ಹೀಗಾಗಿ ಎಂಟ್ರಿಯ ಆಯ್ಕೆಯಲ್ಲಿ ಹಣದ ಮಾತಿಲ್ಲ, ಅಗತ್ಯದ ಮಾತಷ್ಟೇ.

ವಲಯದೊಳಗೆ ಎಷ್ಟು ದೇಶ ಸುತ್ತಿದರೂ ಅದು ಒಂದೇ ಎಂಟ್ರಿ. ನಡುವೆ ಹೊರಗೆ ಕಾಲಿಟ್ಟರೆ ಲೆಕ್ಕ ಬದಲಾಗುತ್ತದೆ. ಪ್ಯಾರಿಸ್‌ನಿಂದ ಲಂಡನ್‌ಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಬಂದರೆ ಎರಡು ಎಂಟ್ರಿ ಬೇಕು. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಿಂದ ಬೋಸ್ನಿಯಾದ ಮೊಸ್ತಾರ್‌ಗೆ ಒಂದು ದಿನದ ಬಸ್ ಪ್ರವಾಸ ಹೋದರೂ ಅಷ್ಟೇ. ಸಿಂಗಲ್ ಎಂಟ್ರಿ ಹಿಡಿದು ಹೋದವರು ಮರಳಿ ಬರಲಾಗದೆ ಗಡಿಯಲ್ಲಿ ಸಿಕ್ಕಿಬೀಳುತ್ತಾರೆ. ಇಂಥ ಯೋಜನೆ ಇದ್ದರೆ ಆ ಟಿಕೆಟ್, ಬ್ರಿಟನ್ ವೀಸಾದ ಪ್ರತಿ ಎಲ್ಲವನ್ನೂ ಅರ್ಜಿಯ ಜೊತೆ ಇಡಿ.

ಮಲ್ಟಿಪಲ್ ಎಂಟ್ರಿಗೆ ಈಗ ಭಾರತೀಯರಿಗೆ ಪ್ರತ್ಯೇಕ ಏಣಿ ಇದೆ. 2024ರ ಏಪ್ರಿಲ್ 18ರಂದು ಐರೋಪ್ಯ ಆಯೋಗ ಅಂಗೀಕರಿಸಿದ ನಿಯಮದ ಪ್ರಕಾರ, ಭಾರತದಲ್ಲಿ ನೆಲೆಸಿ ಇಲ್ಲಿಂದಲೇ ಅರ್ಜಿ ಹಾಕುವವರು ಹಿಂದಿನ 3 ವರ್ಷಗಳಲ್ಲಿ 2 ಷೆಂಗೆನ್ ವೀಸಾ ಪಡೆದು, ನಿಯಮ ಮೀರದೆ ಬಳಸಿದ್ದರೆ 2 ವರ್ಷದ ಮಲ್ಟಿಪಲ್ ವೀಸಾಕ್ಕೆ ಅರ್ಹರು. ಅದನ್ನೂ ಸರಿಯಾಗಿ ಬಳಸಿದ ಮೇಲೆ ಸಾಮಾನ್ಯವಾಗಿ 5 ವರ್ಷದ್ದು. ಎರಡು ವೀಸಾಗಳನ್ನು ಬೇರೆ ಬೇರೆ ದೇಶ ಕೊಟ್ಟಿದ್ದರೂ ಲೆಕ್ಕಕ್ಕೆ ಬರುತ್ತವೆ. ‘ಬಳಸಿದ್ದರೆ’ ಎಂಬ ಮಾತನ್ನು ಗಮನಿಸಿ, ವೀಸಾ ಪಡೆದು ಪ್ರಯಾಣ ರದ್ದು ಮಾಡಿದ್ದರೆ ಅದು ಲೆಕ್ಕಕ್ಕಿಲ್ಲ. ಹಳೆಯ ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಆ ಪುಟ ಮತ್ತು ಮುದ್ರೆ ಬಿದ್ದ ಪುಟಗಳ ನಕಲು ಕೊಡಿ.

ಈ ಏಣಿ ಹತ್ತುವವರು ಒಂದು ಕಡೆ ಎಡವುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೂವರೆ ವರ್ಷವಷ್ಟೇ ಉಳಿದಿದ್ದರೆ 2 ವರ್ಷದ ವೀಸಾ ಹೇಗೆ ಕೊಡುತ್ತಾರೆ? ಅವಧಿ ಮೊಟಕಾಗುತ್ತದೆ. ಮೊದಲು ಪಾಸ್‌ಪೋರ್ಟ್ ನವೀಕರಿಸಿ, ಆಮೇಲೆ ಅರ್ಜಿ ಹಾಕಿ. ಮೊದಲ ಸಲ ಹೋಗುವವರೋ, ಪ್ರವಾಸಕ್ಕೆ ನಿಜವಾಗಿ ಬೇಕಿರುವಷ್ಟು ಎಂಟ್ರಿಯನ್ನೇ ಕೇಳುವುದು ಒಳ್ಳೆಯದು. ಕಾರಣ ತೋರಿಸದೆ ಮಲ್ಟಿಪಲ್ ಕೇಳಿದರೂ ಸಿಗುವುದು ಬಹುಮಟ್ಟಿಗೆ ಸಿಂಗಲ್ಲೇ.

ಹೋಟೆಲೋ, ಆತಿಥೇಯರ ಮನೆಯೋ?

ಮಗಳು ಮ್ಯೂನಿಕ್‌ನಲ್ಲಿದ್ದಾಳೆ, ಅವಳ ಮನೆಯಲ್ಲೇ ಇರುತ್ತೇವೆ ಎನ್ನುವವರಿಗೆ ಆತಿಥೇಯರ ದಾರಿ ಸಹಜ. ಖರ್ಚೂ ಕಡಿಮೆ. ಆದರೆ ಮಗಳು ಬರೆದ ಒಂದು ಇಮೇಲ್ ಸಾಲದು, ದೇಶಕ್ಕೊಂದು ಅಧಿಕೃತ ನಮೂನೆ ಇದೆ. ಫ್ರಾನ್ಸಿನಲ್ಲಿ ಆತಿಥೇಯರು ತಮ್ಮ ಊರಿನ ಪುರಸಭೆಗೆ ಹೋಗಿ ‘ಅತೆಸ್ತಾಸಿಯೋಂ ದಾಕಯ್’ ಎಂಬ ವಸತಿ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ 30 ಯೂರೋ ಮುದ್ರಾಂಕ ಬೇಕು, ಮೂಲ ಪ್ರತಿಯನ್ನೇ ಅಂಚೆಯಲ್ಲಿ ತರಿಸಿಕೊಳ್ಳಬೇಕು. ಜರ್ಮನಿಯಲ್ಲಿ ಖರ್ಚು ಹೊರುವವರು ವಿದೇಶಿಯರ ಕಚೇರಿಯಲ್ಲಿ ‘ಫರ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್’ ಎಂಬ ಹೊಣೆಗಾರಿಕೆ ಪತ್ರಕ್ಕೆ ಸಹಿ ಹಾಕುತ್ತಾರೆ, ಕಚೇರಿ ಅವರ ಆದಾಯವನ್ನು ಪರಿಶೀಲಿಸುತ್ತದೆ. ಸ್ವಿಟ್ಜರ್ಲೆಂಡ್ ಕೇಳಿದಾಗ ಆತಿಥೇಯರು 30,000 ಫ್ರಾಂಕ್‌ವರೆಗಿನ ಖಾತರಿ ಕೊಡಬೇಕಾಗುತ್ತದೆ.

ಈ ಕಚೇರಿಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಹಿಡಿಯಬಹುದು. ಪ್ರಯಾಣಕ್ಕೆ ಆರೇಳು ವಾರವಷ್ಟೇ ಇದ್ದರೆ ಹೋಟೆಲ್ ದಾರಿಯೇ ಕ್ಷೇಮ. ಹೀಗೆ ಮಾಡುವಾಗ ನೆಂಟರಿರುವುದನ್ನು ಮುಚ್ಚಿಡಬೇಡಿ. ಅವರನ್ನೂ ಭೇಟಿಯಾಗುತ್ತೇವೆ, ವಸತಿ ಹೋಟೆಲಿನಲ್ಲಿ ಎಂದು ನೇರವಾಗಿ ಬರೆಯಿರಿ. ಮಗಳ ಹೆಸರು ಬೇರೆ ದಾಖಲೆಯಲ್ಲಿ ಕಂಡು, ಅರ್ಜಿಯಲ್ಲಿ ಉದ್ದೇಶ ಬರೀ ‘ಪ್ರವಾಸ’ ಎಂದಿದ್ದರೆ ಅನುಮಾನ ಹುಟ್ಟುವುದು ಅಲ್ಲೇ.

ಹೋಟೆಲಿಗೆ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಸಾಕು. ಪ್ರತಿ ರಾತ್ರಿಗೂ ಒಂದು ಹಾಸಿಗೆ ಲೆಕ್ಕಕ್ಕೆ ಸಿಗಬೇಕು, ಜೊತೆಗೆ ಹೋಗುವ ಎಲ್ಲರ ಹೆಸರೂ ಬುಕಿಂಗ್‌ನಲ್ಲಿರಬೇಕು. ನಾಲ್ಕು ಜನರ ಕುಟುಂಬಕ್ಕೆ ಒಬ್ಬರ ಹೆಸರಿನ, ‘ಇಬ್ಬರು ಅತಿಥಿಗಳು’ ಎಂದಿರುವ ಬುಕಿಂಗ್ ಇಟ್ಟರೆ ಉಳಿದಿಬ್ಬರ ವಸತಿಗೆ ಸಾಕ್ಷ್ಯವೇ ಇಲ್ಲ. ವೀಸಾ ಕೈಗೆ ಬರುವ ಮೊದಲೇ ಬುಕಿಂಗ್ ರದ್ದು ಮಾಡುವುದು ದೊಡ್ಡ ತಪ್ಪು, ಏಕೆಂದರೆ ಕಾನ್ಸುಲೇಟ್ ಹೋಟೆಲನ್ನೇ ಕೇಳಿ ಖಚಿತಪಡಿಸಿಕೊಳ್ಳಬಹುದು.

ವಸತಿಯ ಆಯ್ಕೆ ನೀವು ತೋರಿಸಬೇಕಾದ ಹಣವನ್ನೂ ಬದಲಿಸುತ್ತದೆ. ಫ್ರಾನ್ಸಿನ ಲೆಕ್ಕದಲ್ಲಿ ಹೋಟೆಲ್ ಬುಕಿಂಗ್ ಇದ್ದರೆ ದಿನಕ್ಕೆ 65 ಯೂರೋ, ಬುಕಿಂಗ್ ಇಲ್ಲದಿದ್ದರೆ 120, ವಸತಿ ಪ್ರಮಾಣಪತ್ರ ಇದ್ದರೆ 32.50. ಬೆಲ್ಜಿಯಂನಲ್ಲಿ ಹೋಟೆಲಿಗೆ 95, ಆತಿಥೇಯರ ಮನೆಗೆ 45. ನೆದರ್‌ಲ್ಯಾಂಡ್ಸ್‌ನಲ್ಲಿ ದಿನಕ್ಕೆ 55 ಯೂರೋ, ಸ್ವಿಟ್ಜರ್ಲೆಂಡ್‌ನಲ್ಲಿ 100 ಫ್ರಾಂಕ್. ಜರ್ಮನಿ ನಿಗದಿತ ಮೊತ್ತ ಇಟ್ಟಿಲ್ಲ, ಒಟ್ಟು ಪರಿಸ್ಥಿತಿ ನೋಡುತ್ತದೆ. ಇವು ಕನಿಷ್ಠ ಮಿತಿಗಳು. ಖಾತೆಯಲ್ಲಿ ಅಷ್ಟೇ ಹಣವಿದ್ದು, ಪ್ರವಾಸ ಮುಗಿಸಿ ಬಂದಾಗ ಖಾತೆ ಖಾಲಿಯಾಗುವಂತಿದ್ದರೆ ಅದು ದುರ್ಬಲ ಅರ್ಜಿ.

ಬ್ಯಾಂಕ್ ಸ್ಟೇಟ್‌ಮೆಂಟನ್ನು ಅಧಿಕಾರಿ ಹೇಗೆ ಓದುತ್ತಾರೆ ಎಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿಯಿತು. ಅವರು ಕೊನೆಯ ಸಾಲಿನ ಮೊತ್ತಕ್ಕಿಂತ ತಿಂಗಳ ಹರಿವನ್ನು ನೋಡುತ್ತಾರೆ. ಸಂಬಳದ ಚೀಟಿಯಲ್ಲಿರುವ ಮೊತ್ತ ಅದೇ ತಿಂಗಳು ಖಾತೆಗೆ ಬಂದಿದೆಯೇ, ರಿಟರ್ನ್‌ನಲ್ಲಿ ತೋರಿಸಿದ ಆದಾಯಕ್ಕೆ ಅದು ಹೊಂದುತ್ತದೆಯೇ ಎಂಬುದೇ ಪ್ರಶ್ನೆ. ಅರ್ಜಿಗೆ ಹತ್ತು ದಿನ ಮೊದಲು ಎಲ್ಲಿಂದಲೋ ಬಂದು ಬಿದ್ದ ಮೂರು ಲಕ್ಷ ರೂಪಾಯಿ ಸಹಾಯ ಮಾಡುವ ಬದಲು ಹಾನಿ ಮಾಡುತ್ತದೆ. ನಿಜವಾಗಿಯೂ ಠೇವಣಿ ಮುರಿದದ್ದು, ಜಮೀನು ಮಾರಿದ್ದು ಆಗಿದ್ದರೆ ಅದರ ಪತ್ರ ಲಗತ್ತಿಸಿ. ಕೃಷಿ ಆದಾಯದವರು ಪಹಣಿ, ಮಾರಾಟದ ರಸೀದಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಇಡಬೇಕು.

ಟಿಕೆಟ್ ಮತ್ತು ವಿಮೆ

ವೀಸಾಕ್ಕೆ ಮೊದಲು ಪೂರ್ತಿ ಹಣ ಕೊಟ್ಟು ಟಿಕೆಟ್ ಕೊಳ್ಳಬೇಕೆಂಬ ಸಾಮಾನ್ಯ ನಿಯಮವಿಲ್ಲ, ಹೋಗಿಬರುವ ರಿಸರ್ವೇಶನ್ ಸಾಕು. ಹಣ ವಾಪಸ್ ಬರುವ ಟಿಕೆಟ್ ಅಥವಾ ವಿಮಾನಯಾನ ಸಂಸ್ಥೆಯೇ ಹಿಡಿದಿಡುವ ಬುಕಿಂಗ್ ಇವೆರಡೂ ಸರಿ. ಪರಿಶೀಲಿಸಿದರೆ ಸಿಗದ ನಕಲಿ ಪಿಎನ್‌ಆರ್ ಮಾತ್ರ ಬೇಡ. ನಕಲಿ ದಾಖಲೆ ತಿರಸ್ಕಾರಕ್ಕೆ ಸ್ವತಂತ್ರ ಕಾರಣ, ಮತ್ತು ಅದು ವೀಸಾ ಮಾಹಿತಿ ವ್ಯವಸ್ಥೆಯಲ್ಲಿ 5 ವರ್ಷ ಉಳಿದು ಎಲ್ಲ ಷೆಂಗೆನ್ ದೇಶಗಳಿಗೂ ಕಾಣುತ್ತದೆ.

ವಿಮೆಯಲ್ಲಿ ಅಗ್ಗದ್ದು ದುಬಾರಿಯದು ಎನ್ನುವುದಕ್ಕಿಂತ ನಾಲ್ಕು ಅಂಶ ನೋಡಿ. ಕನಿಷ್ಠ 30,000 ಯೂರೋ ರಕ್ಷಣೆ, ಇಡೀ ಷೆಂಗೆನ್ ವಲಯಕ್ಕೆ ಅನ್ವಯ, ತುರ್ತು ಚಿಕಿತ್ಸೆಯ ಜೊತೆಗೆ ಸ್ವದೇಶಕ್ಕೆ ಮರಳಿಸುವ ಖರ್ಚು, ತಂಗುವ ಎಲ್ಲ ದಿನಗಳ ವ್ಯಾಪ್ತಿ. ಬೆಳಗಿನ ಜಾವ ಇಳಿಯುವ ದಿನವೂ ರಾತ್ರಿ ಹೊರಡುವ ದಿನವೂ ಒಳಗಿರಲಿ. ಮಲ್ಟಿಪಲ್ ಎಂಟ್ರಿ ಕೇಳುವವರು ಮೊದಲ ಪ್ರವಾಸದ ವಿಮೆ ತೋರಿಸಿದರೆ ಸಾಕು. ವೀಸಾ ಸಿಗದಿದ್ದರೆ ಹಣ ವಾಪಸ್ ಕೊಡುವ ಪಾಲಿಸಿ ಸಿಕ್ಕರೆ ಅದನ್ನೇ ಆರಿಸಿ.

ಕನ್ನಡಿಗರ ಕಡತಗಳಲ್ಲಿ ಪದೇ ಪದೇ ಕಾಣುವ ತೊಂದರೆ ಹೆಸರಿನದು. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ಬ್ಯಾಂಕಿನಲ್ಲಿ ಇನಿಷಿಯಲ್, ಟಿಕೆಟಿನಲ್ಲಿ ಅಪ್ಪನ ಹೆಸರು. ಅರ್ಜಿ, ವಿಮೆ, ಟಿಕೆಟ್, ಹೋಟೆಲ್ ನಾಲ್ಕನ್ನೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಮಾಡಿಸಿ. ಬ್ಯಾಂಕ್ ದಾಖಲೆ ಬದಲಿಸಲಾಗದಿದ್ದರೆ ಎರಡೂ ಒಬ್ಬರೇ ಎಂದು ಕವರಿಂಗ್ ಲೆಟರ್‌ನಲ್ಲಿ ಒಂದು ಸಾಲು ಬರೆಯಿರಿ.

ನೀವೇ ಹಾಕುವುದೋ, ಏಜೆಂಟರೋ? ಯಾವಾಗ?

ಉದ್ಯೋಗದಲ್ಲಿದ್ದು, ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿದ್ದು, ಒಂದೆರಡು ದೇಶ ಸುತ್ತುವವರಿಗೆ ಏಜೆಂಟರ ಅಗತ್ಯವಿಲ್ಲ. ವಯಸ್ಸಾದವರು, ದೊಡ್ಡ ಕುಟುಂಬ, ಆರೇಳು ದೇಶಗಳ ಯೋಜನೆ ಇದ್ದಾಗ ಒಳ್ಳೆಯ ಏಜೆಂಟರು ಕಡತ ಜೋಡಿಸುವ ಶ್ರಮ ಉಳಿಸುತ್ತಾರೆ. ‘ವೀಸಾ ಗ್ಯಾರಂಟಿ’ ಎನ್ನುವವರಿಂದ ದೂರವಿರಿ. ತೀರ್ಮಾನ ಕಾನ್ಸುಲೇಟಿನದು, ವಿಎಫ್‌ಎಸ್ ಅಥವಾ ಬಿಎಲ್‌ಎಸ್‌ನಂಥ ಅರ್ಜಿ ಕೇಂದ್ರಗಳಿಗೂ ಅದರಲ್ಲಿ ಪಾತ್ರವಿಲ್ಲ. ಕೇಂದ್ರದಲ್ಲಿ ಕೊಳ್ಳುವ ಪ್ರೀಮಿಯಂ ಲೌಂಜ್, ಎಸ್‌ಎಂಎಸ್, ಕೊರಿಯರ್ ಯಾವುದೂ ಕಡ್ಡಾಯವಲ್ಲ, ತೀರ್ಮಾನದ ಮೇಲೆ ಅವುಗಳ ಪ್ರಭಾವವೂ ಇಲ್ಲ. ಏಜೆಂಟರು ತುಂಬಿದ ಅರ್ಜಿಯನ್ನು ಸಹಿ ಹಾಕುವ ಮೊದಲು ಸಾಲುಸಾಲಾಗಿ ಓದಿ, ತಪ್ಪು ಮಾಹಿತಿಗೆ ಹೊಣೆ ಸಹಿ ಹಾಕಿದವರದು.

ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ತೀರ್ಮಾನ ಸಾಮಾನ್ಯವಾಗಿ 15 ದಿನಗಳಲ್ಲಿ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ. ಬೇಸಿಗೆ ರಜೆಯ ಪ್ರಯಾಣಕ್ಕೆ ಸ್ಲಾಟ್ ಹುಡುಕಾಟವನ್ನು ಮೂರು ತಿಂಗಳ ಮೊದಲೇ ಶುರುಮಾಡಿ. ಪಾಸ್‌ಪೋರ್ಟ್ ಅಷ್ಟೂ ದಿನ ಅವರಲ್ಲೇ ಇರುತ್ತದೆ, ಹಾಗಾಗಿ ಬ್ರಿಟನ್ ವೀಸಾವೂ ಬೇಕಿದ್ದರೆ ಎರಡನ್ನೂ ಒಂದಾದ ಮೇಲೊಂದರಂತೆ ಲೆಕ್ಕಹಾಕಬೇಕು. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದ ನಂತರ 3 ತಿಂಗಳು ಮಾನ್ಯವಿರಬೇಕು, 2 ಖಾಲಿ ಪುಟ ಇರಬೇಕು. ಬೆರಳಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ಮರುಬಳಕೆಯಾಗುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇದೆ. ಮಗು ಒಬ್ಬ ಪೋಷಕರ ಜೊತೆ ಮಾತ್ರ ಹೋಗುತ್ತಿದ್ದರೆ ಇನ್ನೊಬ್ಬರ ನೋಟರಿ ಒಪ್ಪಿಗೆ ಪತ್ರ ಮರೆಯಬೇಡಿ.

ಸ್ಟಿಕರ್ ಬಂದ ಮೇಲೆ

ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಸ್ಟಿಕರನ್ನು ಕೌಂಟರ್ ಬಿಡುವ ಮೊದಲೇ ಓದಿ. ಅವಧಿ ಮತ್ತು ತಂಗುವ ದಿನ ಎರಡೂ ಬೇರೆ ಬೇರೆ. ಮೇ 5ರಿಂದ ಮೇ 29ರವರೆಗೆ ಮಾನ್ಯ, ತಂಗುವ ದಿನ 10 ಎಂದಿದ್ದರೆ ಆ 25 ದಿನಗಳ ಒಳಗೆ ಯಾವಾಗ ಬೇಕಾದರೂ ಹೋಗಿ, ಆದರೆ 10 ದಿನ ಮಾತ್ರ. ಹೆಚ್ಚುವರಿ 15 ದಿನ ವಿಮಾನ ತಡವಾದರೆ, ದಿನಾಂಕ ಜರುಗಿದರೆ ಇರಲಿ ಎಂದು ಕೊಡುವ ಅವಕಾಶ. ಇಳಿಯುವ ದಿನ, ಹೊರಡುವ ದಿನ ಎರಡೂ ಪೂರ್ತಿ ದಿನಗಳೇ.

ಮಲ್ಟಿಪಲ್ ವೀಸಾದವರಿಗೆ 180 ದಿನಗಳ ಕಿಟಕಿ ಪ್ರತಿದಿನ ಮುಂದೆ ಸರಿಯುತ್ತಿರುತ್ತದೆ. ಮಾರ್ಚ್ 1ರಿಂದ ಏಪ್ರಿಲ್ 29ರವರೆಗೆ 60 ದಿನ ಇದ್ದು ಬಂದವರು ಜುಲೈ 1ಕ್ಕೆ ಮತ್ತೆ ಹೋದರೆ ಉಳಿದಿರುವುದು 30 ದಿನ, ಜುಲೈ 30ಕ್ಕೆ ಹೊರಬರಲೇಬೇಕು. ಮಾರ್ಚ್ 1 ಲೆಕ್ಕದಿಂದ ಬಿದ್ದುಹೋಗುವುದು ಆಗಸ್ಟ್ 28ಕ್ಕೆ, ಅಲ್ಲಿಂದ ದಿನಗಳು ಒಂದೊಂದಾಗಿ ಮರಳಿ ಸಿಗುತ್ತವೆ. ಐರೋಪ್ಯ ಆಯೋಗದ ಜಾಲತಾಣದಲ್ಲಿ ಇದಕ್ಕೆ ಕ್ಯಾಲ್ಕುಲೇಟರ್ ಇದೆ, ಟಿಕೆಟ್ ಕೊಳ್ಳುವ ಮೊದಲು ಬಳಸಿ.

ತಿರಸ್ಕಾರವಾದರೆ ಮೇಲ್ಮನವಿಯೋ, ಹೊಸ ಅರ್ಜಿಯೋ?

ಕಾರಣಗಳ ಪಟ್ಟಿಯಲ್ಲಿ ಗುರುತು ಹಾಕಿದ ಒಂದು ನಮೂನೆ ಕೈಗೆ ಬರುತ್ತದೆ. ಶುಲ್ಕ ಮರಳಿ ಬಾರದು. ಪ್ರವಾಸದ ಉದ್ದೇಶ ಸಾಬೀತಾಗಿಲ್ಲ, ಹಣದ ಪುರಾವೆ ಸಾಲದು, ವಿಮೆ ಸರಿಯಿಲ್ಲ ಎಂಬ ಕಾರಣಗಳಿದ್ದು, ಆ ದಾಖಲೆ ನೀವು ಕೊಟ್ಟೇ ಇರಲಿಲ್ಲವೆಂದಾದರೆ ಹೊಸ ಅರ್ಜಿಯೇ ಬೇಗದ ದಾರಿ. ಹಿಂದಿನ ತಿರಸ್ಕಾರವೊಂದೇ ಹೊಸ ಅರ್ಜಿಯನ್ನು ತಳ್ಳಿಹಾಕಲು ಕಾರಣವಾಗುವಂತಿಲ್ಲ, ಇದು ವೀಸಾ ಸಂಹಿತೆಯಲ್ಲೇ ಇದೆ. ಆದರೆ ಅದೇ ಕಡತವನ್ನು ಅದೇ ರೂಪದಲ್ಲಿ ಮತ್ತೆ ಕೊಟ್ಟರೆ ಉತ್ತರವೂ ಅದೇ ಬರುತ್ತದೆ. ಬೇರೆ ದೇಶಕ್ಕೆ ಓಡಿದರೂ ಹಳೆಯ ತಿರಸ್ಕಾರ ಅವರ ಪರದೆಯ ಮೇಲಿರುತ್ತದೆ. ಹಿಂದಿನ ಬಾರಿ ಏನು ಕೊರತೆಯಿತ್ತು, ಈಗ ಯಾವ ದಾಖಲೆ ಸೇರಿಸಿದ್ದೀರಿ ಎಂದು ನೀವೇ ಬರೆದುಕೊಡಿ.

ಕೊಟ್ಟ ದಾಖಲೆಯನ್ನೇ ಗಮನಿಸದೆ ತಿರಸ್ಕರಿಸಿದ್ದಾರೆ ಎನ್ನಲು ಆಧಾರವಿದ್ದರೆ ಮೇಲ್ಮನವಿ ಸರಿ. ಅದನ್ನು ತೀರ್ಮಾನ ಮಾಡಿದ ದೇಶದ ಕಾನೂನಿನಂತೆಯೇ ಸಲ್ಲಿಸಬೇಕು. ಗಡುವು, ಭಾಷೆ, ವಿಳಾಸ ಎಲ್ಲ ಆ ನಮೂನೆಯಲ್ಲೇ ಅಚ್ಚಾಗಿರುತ್ತವೆ. ಜರ್ಮನಿ ಕಾನ್ಸುಲೇಟಿಗೆ ಬರೆದು ಮರುಪರಿಶೀಲನೆ ಕೇಳುವ ‘ರಿಮಾನ್‌ಸ್ಟ್ರೇಶನ್’ ಪದ್ಧತಿಯನ್ನು 2025ರ ಜುಲೈ 1ರಿಂದ ಕೈಬಿಟ್ಟಿದೆ, ಈಗ ಅಲ್ಲಿ ಉಳಿದಿರುವುದು ಬರ್ಲಿನ್‌ನ ಆಡಳಿತ ನ್ಯಾಯಾಲಯ ಅಥವಾ ಹೊಸ ಅರ್ಜಿ. ಹತ್ತು ದಿನದ ಪ್ರವಾಸಕ್ಕೆ ನ್ಯಾಯಾಲಯದ ಹಾದಿ ತುಂಬ ದೀರ್ಘ. ‘ಮರಳಿ ಹೋಗುವ ಉದ್ದೇಶದ ಬಗ್ಗೆ ಸಂದೇಹ’ ಎಂಬ ಕಾರಣಕ್ಕೆ ಗುರುತು ಬಿದ್ದಿದ್ದರೆ ಆತುರ ಬೇಡ. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದರೆ ಆರು ತಿಂಗಳ ಸಂಬಳ ಖಾತೆಯಲ್ಲಿ ಕಾಣುವವರೆಗೆ ಕಾಯಿರಿ. ರಜೆ ಪತ್ರದಲ್ಲಿ ಮರಳಿ ಕೆಲಸಕ್ಕೆ ಹಾಜರಾಗುವ ದಿನಾಂಕ ಇರಲಿಲ್ಲವಾದರೆ, ಆ ದಿನಾಂಕ ಸೇರಿಸಿದ ಹೊಸ ಪತ್ರವನ್ನು ಕಂಪನಿಯಿಂದ ಪಡೆದುಕೊಂಡೇ ಮುಂದಿನ ಸ್ಲಾಟ್ ಹಿಡಿಯಿರಿ.